ಮಕ್ಕಳೇ ಆಗದ ನೊಣದ ವಂಶ ಮುಂದಕ್ಕೆ ಹೋಗೋದು ಹೆಂಗೆ? ಗೊತ್ತಿರೋರು ಹೇಳಿ

ನಾಕನೇ ಜ್ವರ, ಶಿಡ್ಲಘಟ್ಟ:
ಎಲ್ರಿಗೂ ನಮಸ್ಕಾರ. ನಾವು ರೇಷ್ಮೆ ಹುಳ ಮೇಯ್ಸೋರು, ಓದಿದ್ದು ಪಿಯುಸಿ ತನಕ. ಮಗಳು ಕೋಲಾರದಲ್ಲಿ ಎಮ್ಮೆಸ್ಸಿ ಜುವಾಲಜಿ ಮಾಡ್ತಾ ಅವ್ಳೆ, ಪ್ರಾಜೆಕ್ಟಿಗೆ ಅಂತ ಹಣ್ಣಿನ ನೊಣ ಸಾಕ್ತಾಳೆ, ಡ್ರೊಸೊಫಿಲಾ ಅಂತಾರಲ್ಲ ಅದು. ಮೊನ್ನೆ ಊಟಕ್ಕೆ ಕೂತಾಗ ಹೇಳಿದ್ಳು, ಒಂದು ಹೆಣ್ಣು ನೊಣ ಐತಂತೆ, ನೋಡಕ್ಕೆ ಚೆನ್ನಾಗೇ ಐತೆ, ಗಂಡಿನ ಜೊತೆ ಸೇರ್ತದೆ, ಮೊಟ್ಟೆನೂ ಇಡ್ತದೆ, ಆದ್ರೆ ಒಂದು ಮೊಟ್ಟೆನೂ ಒಡ್ಯಲ್ಲ. ಜೀನಲ್ಲಿ ಮ್ಯುಟೇಶನ್ ಅಂತೆ. ಸರಿ ಅಂದೆ. ಈ ತಳೀನ ಲ್ಯಾಬುಗಳಲ್ಲಿ 40 ವರ್ಷಕ್ಕೂ ಮೇಲಿಂದ ಕಾಪಾಡ್ಕೊಂಡು ಬಂದವ್ರೆ ಅಂದ್ಳು. ಅಲ್ಲ, ಮಕ್ಕಳೇ ಆಗದೆ ಇರೋದಾದ್ರೆ 40 ವರ್ಷ ತಳಿ ಎಲ್ಲಿಂದ ಬಂತು? ಕೇಳಿದ್ದಕ್ಕೆ ಸುರುಳಿ ರೆಕ್ಕೆ, ಬ್ಯಾಲೆನ್ಸರು ಅಂತ ಏನೇನೋ ಹೇಳಿ ಕೈ ತೊಳ್ಕೊಂಡು ಎದ್ದೋದ್ಳು. ಯಾರಾದ್ರೂ ನಮಗೆ ಅರ್ಥ ಆಗೋ ತರ ಹೇಳ್ತೀರಾ

ತೋತಾಪುರಿ, ಶ್ರೀನಿವಾಸಪುರ:
ಅಣ್ಣ ಆ ಮೊಟ್ಟೆ ಒಡೀದೆ ಇರೋ ನೊಣ ನಾಕು ಬುಟ್ಟಿ ಇದ್ರೆ ನಮ್ ತೋಪಿಗೆ ಕಳ್ಸು, ಪುಣ್ಯ ಬರ್ತದೆ. ಈ ಸಲ ಬಾದಾಮಿ ಮಾವು ಕುಯ್ದು ನೋಡಿದ್ರೆ ಒಳಗೆಲ್ಲಾ ಹುಳ

ನೊಣ ತಳ್ಳೋನು, ಗೌರಿಬಿದನೂರು:
ಅಣ್ಣಾ ಪ್ರಶ್ನೆ ಸಖತ್ತಾಗಿದೆ, ನಮ್ಮ ಲ್ಯಾಬಿಗೆ ಹೊಸದಾಗಿ ಬರೋರೂ ಮೊದಲು ಇದನ್ನೇ ಕೇಳ್ತಾರೆ. ಬೆಂಗಳೂರಲ್ಲಿ ನೊಣದ ಮೇಲೇ ಪಿಎಚ್‌ಡಿ ಮಾಡ್ತಿದೀನಿ, ಹಂಗಾಗಿ ಇದು ನನ್ನ ದಿನನಿತ್ಯದ ಗೋಳು.

ಪ್ರತಿ ಜೀನೂ ಜೋಡಿ, ಒಂದು ಅಪ್ಪನ ಕಡೆದು ಒಂದು ಅಮ್ಮನ ಕಡೆದು. ಒಂದು ಮಾತ್ರ ಕೆಟ್ಟಿದ್ರೆ ಸಾಮಾನ್ಯಕ್ಕೆ ಏನೂ ಗೊತ್ತಾಗಲ್ಲ, ಮಕ್ಕಳೂ ಆಗ್ತವೆ. ಎರಡೂ ಕೆಟ್ಟಿರೋ ಹೆಣ್ಣಿಗೆ ಮಾತ್ರ ಈ ತೊಂದ್ರೆ. ಅಂದ್ರೆ ತಳಿ ಉಳಿಸೋದು ಒಂದು ಕೆಟ್ಟ ಕಾಪಿ ಒಂದು ಒಳ್ಳೆ ಕಾಪಿ ಇರೋ ಹೆಣ್ಣಿಂದ. ಆದ್ರೆ ಸುಮ್ನೆ ಬಾಟಲಿಲಿ ಬಿಟ್ರೆ ತಲೆಮಾರು ಕಳೀತಾ ಕೆಟ್ಟ ಕಾಪಿ ಕಮ್ಮಿ ಆಗ್ತಾ ಆಗ್ತಾ ಮಾಯ ಆಗೋಗತ್ತೆ, ಯಾವ ನೊಣದಲ್ಲಿ ಇದೆ ಯಾವುದ್ರಲ್ಲಿ ಇಲ್ಲ ಅಂತ ಹೊರಗಿಂದ ನೋಡಿ ಹೇಳೋಕೂ ಆಗಲ್ಲ. ಅದಕ್ಕೇ ಬ್ಯಾಲೆನ್ಸರ್ ಬಂದಿದ್ದು. ಬ್ಯಾಲೆನ್ಸರಲ್ಲಿ ಒಳ್ಳೆ ಕಾಪಿ ಇರೋ ಕ್ರೋಮೋಸೋಮ್ (ಜೀನುಗಳು ಕೂತಿರೋ ದಾರ) ಅಲ್ಲಲ್ಲಿ ತುಂಡಾಗಿ ತಿರುಗಿ ಅಂಟ್ಕೊಂಡಿರತ್ತೆ, ಹಂಗಾಗಿ ಅದು ಜೋಡಿ ಕ್ರೋಮೋಸೋಮಿನ ಜೊತೆ ತುಂಡು ಅದಲುಬದಲು ಮಾಡ್ಕೊಳ್ಳಲ್ಲ. ಜೊತೆಗೆ ಕಣ್ಣಿಗೆ ಕಾಣೋ ಒಂದು ಗುರುತು. ಎರಡನೇ ಕ್ರೋಮೋಸೋಮಿಗೆ ಬಳಸೋದು ಸಿವೈಒ, ಅದಿದ್ರೆ ರೆಕ್ಕೆ ಮೇಲಕ್ಕೆ ಸುರುಳಿ.

ಈಗ ಲೆಕ್ಕ ನೋಡಿ. ಸುರುಳಿ ರೆಕ್ಕೆ ಗಂಡು, ಸುರುಳಿ ರೆಕ್ಕೆ ಹೆಣ್ಣು ಸೇರಿದ್ರೆ ಎರಡೂ ಕಡೆಯಿಂದ ಸಿವೈಒ ಬಂದ ಮರಿ ಸತ್ತೇ ಹೋಗತ್ತೆ. ಎರಡೂ ಕಡೆಯಿಂದ ಕೆಟ್ಟ ಕಾಪಿ ಬಂದ್ರೆ ರೆಕ್ಕೆ ನೆಟ್ಟಗೆ, ಬದುಕತ್ತೆ, ಆದ್ರೆ ಹೆಣ್ಣಾದ್ರೆ ಅದರ ಮೊಟ್ಟೆ ಒಡೆಯಲ್ಲ. ಉಳಿದಿದ್ದು ಒಂದೊಂದು ಕಾಪಿದು, ಮತ್ತೆ ಸುರುಳಿ. ಬದುಕೋ ಮೂರರಲ್ಲಿ ಎರಡು ಸುರುಳಿ. ಮುಂದಿನ ತಲೆಮಾರಿಗೆ ತಾಯಿ ಆಗೋದು ಸುರುಳಿ ರೆಕ್ಕೆಯವಳು ಮಾತ್ರ, ಅವಳ ಹತ್ರ ಕೆಟ್ಟ ಕಾಪಿ ಇದ್ದೇ ಇರತ್ತೆ. ಹಂಗೇ 40 ವರ್ಷ ಏನು, 400 ವರ್ಷ ನಡೀಬಹುದು, ಬಾಟಲಿ ಬದಲಾಯಿಸೋ ನನ್ನಂತ ಕೂಲಿ ಸಿಕ್ರೆ ಸಾಕು.

ಈ ಐಡಿಯಾದ ಮೂಲ ಮುಲ್ಲರ್ ಅಂತ. ಎಕ್ಸ್‌ರೇ ಬಿಟ್ರೆ ನೊಣದಲ್ಲಿ ಮ್ಯುಟೇಶನ್ ಆಗತ್ತೆ ಅಂತ 1927ರಲ್ಲಿ ತೋರಿಸಿದ್ದು ಅವರೇ, 1946ರಲ್ಲಿ ನೊಬೆಲ್ ಬಂತು.

ನಾಕನೇ ಜ್ವರ, ಶಿಡ್ಲಘಟ್ಟ:
ಈಗ ಗೊತ್ತಾಯ್ತು ತಮ್ಮಾ, ದೇವ್ರು ಒಳ್ಳೇದು ಮಾಡ್ಲಿ. ಆದ್ರೆ ಇನ್ನೊಂದು. ನೆಟ್ಟಗೆ ರೆಕ್ಕೆ ಇರೋ ಹೆಣ್ಣಿಗೆ ಚೆನ್ನಾಗಿರೋ ಗಂಡು ಹಾಕಿದ್ರೂ ಮೊಟ್ಟೆ ಒಡ್ಯಲ್ಲ ಅಂದ್ಳು ಮಗಳು. ಯಾಕೆ? ಆ ಮರಿಗೆ ಅಪ್ಪನ ಕಡೆಯಿಂದ ಒಳ್ಳೆ ಕಾಪಿ ಒಂದು ಸಿಕ್ತಲ್ಲ. ಒಂದು ಒಳ್ಳೇದಿದ್ರೆ ಸಾಕು ಅಂತ ಈಗ ನೀನೇ ಹೇಳ್ದೆ

ನೊಣ ತಳ್ಳೋನು, ಗೌರಿಬಿದನೂರು:
ಅಣ್ಣ ನೀವು ನಮ್ ಗೈಡ್‌ಗಿಂತ ಡೇಂಜರ್

ರವೆ ಬೆಲ್ಲ ಅಗರ್, ಕೋಲಾರ:
ನಾನು ಕಾಲೇಜಲ್ಲಿ ಜೆನೆಟಿಕ್ಸ್ ಪಾಠ ಮಾಡೋಳು, ಇದಕ್ಕೆ ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ನೀವು ಹುಳ ಸಾಕೋರು, ನಿಮಗೆ ಇದು ಆಗ್ಲೇ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೇ.

ನೀವು ತರೋ ಸಿಬಿ, ಅಂದ್ರೆ ಎರಡು ರೇಷ್ಮೆ ತಳಿ ಕೂಡಿಸಿದ ಮಿಶ್ರತಳಿ ಮೊಟ್ಟೆ ಹೆಂಗೆ ಮಾಡ್ತಾರೆ? ಪ್ಯೂರ್ ಮೈಸೂರು ಹೆಣ್ಣು, ಸಿಎಸ್‌ಆರ್-2 ಗಂಡು. ಆ ಮೊಟ್ಟೆ ಸುಮಾರು ಹತ್ತು ದಿನಕ್ಕೆ ಒಡೆದು ಚಾಕಿಗೆ, ಅಂದ್ರೆ ಎಳೇ ಮರಿ ಸಾಕೋದಕ್ಕೆ, ರೆಡಿ. ಅದೇ ಉಲ್ಟಾ ಮಾಡಿ, ಸಿಎಸ್‌ಆರ್ ಹೆಣ್ಣಿಗೆ ಮೈಸೂರು ಗಂಡು ಹಾಕಿ ನೋಡಿ, ಮೊಟ್ಟೆ ನಿದ್ದೆಗೆ ಹೋಗತ್ತೆ, ಆಸಿಡ್ ಟ್ರೀಟ್‌ಮೆಂಟ್ ಕೊಡದೆ ಏಳಲ್ಲ. ಎರಡರಲ್ಲೂ ಮರಿಯ ಜೀನು ಒಂದೇ ತರ, ಅರ್ಧ ಮೈಸೂರು ಅರ್ಧ ಸಿಎಸ್‌ಆರ್. ಆದ್ರೂ ಮೊಟ್ಟೆ ನಡ್ಕೊಳ್ಳೋದು ತಾಯಿ ಯಾರು ಅನ್ನೋದರ ಮೇಲೆ, ಯಾಕಂದ್ರೆ ತಾಯಿ ಹೊಟ್ಟೇಲಿ ಮೊಟ್ಟೆ ಕಟ್ಟೋವಾಗಲೇ ಒಂದು ಹಾರ್ಮೋನ್ ಅದರ ಹಣೆಬರಹ ಬರೆದಾಗಿರತ್ತೆ.

ನೊಣದಲ್ಲೂ ಅದೇ. ಮೊಟ್ಟೆ ಇಟ್ಟ ಮೇಲೆ ಮೊದಲ ಎರಡು ಗಂಟೆ ಹೆಚ್ಚುಕಮ್ಮಿ ಮರಿಯ ಸ್ವಂತ ಜೀನುಗಳು ಬಾಯೇ ಬಿಡಲ್ಲ. ಒಳಗೆ ನ್ಯೂಕ್ಲಿಯಸ್ ಮಾತ್ರ ಹತ್ತು ನಿಮಿಷಕ್ಕೊಂದು ಸಲದಂಗೆ ಎರಡಾಗ್ತಾ ನಾಲ್ಕಾಗ್ತಾ ಇರತ್ತೆ. ಅಷ್ಟರಲ್ಲಿ ತಲೆ ಎಲ್ಲಿ, ಬಾಲ ಎಲ್ಲಿ, ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಅನ್ನೋದು ತೀರ್ಮಾನ ಆಗೋಗಿರತ್ತೆ, ಅಷ್ಟೂ ತಾಯಿ ತುಂಬಿಟ್ಟ ಆರ್‌ಎನ್‌ಎ, ಪ್ರೋಟೀನ್ ಲೆಕ್ಕದ ಮೇಲೆ. ಅಪ್ಪನ ಒಳ್ಳೆ ಕಾಪಿ ಕೆಲಸಕ್ಕೆ ಬರೋ ಹೊತ್ತಿಗೆ ಕಾಲ ಮಿಂಚಿರತ್ತೆ. ಸಿವೈಒ ಜೊತೆ ಇದೆ ಅಂದ್ರಲ್ಲ, ನನ್ನ ಊಹೆ ನಿಮ್ಮ ಮಗಳ ಹತ್ರ ಇರೋದು ಡಾರ್ಸಲ್. ಆ ಪ್ರೋಟೀನು ಭ್ರೂಣದ ಹೊಟ್ಟೆ ಕಡೆ ಮಾತ್ರ ನ್ಯೂಕ್ಲಿಯಸ್ ಒಳಗೆ ಹೋಗ್ಬೇಕು. ತಾಯಿ ಕೊಡದೆ ಇದ್ರೆ ಹೊಟ್ಟೆ ಅನ್ನೋದೇ ಬರಲ್ಲ, ಸುತ್ತ ಬೆನ್ನಿರೋ ಒಂದು ಕೊಳವೆ ಆಗಿ ಸಾಯತ್ತೆ. ಬೈಕಾಯ್ಡ್ ಅಂತ ಇನ್ನೊಂದು, ಅದಿಲ್ಲದ ತಾಯಿಯ ಮಕ್ಕಳಿಗೆ ತಲೆನೂ ಇಲ್ಲ ಎದೆನೂ ಇಲ್ಲ. ತಾಯಿಗೆ ಮಾತ್ರ ಎಲ್ಲಾ ಸರಿಯಾಗಿದೆ ನೋಡಿ, ಯಾಕಂದ್ರೆ ಅವಳ ತಾಯಿ ಸುರುಳಿ ರೆಕ್ಕೆಯವಳು, ಅವಳಿಗೆ ಬೇಕಾದ್ದನ್ನೆಲ್ಲ ಮೊಟ್ಟೆಲಿ ಹಾಕಿ ಕಳಿಸಿದ್ಳು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋವೂ ಇವೆ. ಟ್ಯೂಡರ್ ಅನ್ನೋ ಜೀನ್ ಕೆಟ್ಟ ತಾಯಿ ಮೊಟ್ಟೆ ಇಡ್ತಾಳೆ, ಬಹಳಷ್ಟು ಸಾಯ್ತವೆ, ಬದುಕಿ ಉಳಿದ ಮಕ್ಕಳು ಗಟ್ಟಿಮುಟ್ಟು, ಹಾರಾಡ್ತವೆ, ಆದ್ರೆ ಅವುಕ್ಕೆ ಮಕ್ಕಳಿಲ್ಲ. ಮೊಟ್ಟೆಯ ಹಿಂದುಗಡೆ ತುದೀಲಿ ತಾಯಿ ಒಂದು ವಿಶೇಷ ರಸ ಇಡ್ತಾಳೆ, ಅಲ್ಲಿ ಹುಟ್ಟೋ ಜೀವಕೋಶಗಳೇ ಮುಂದೆ ಮೊಟ್ಟೆ, ವೀರ್ಯ ಆಗೋದು. ಅದು ಇಡದೆ ಇದ್ರೆ ಮೊಮ್ಮಕ್ಕಳ ಬಾಗಿಲು ಮುಚ್ಚಿದಂಗೆ. ಇಂತದ್ದನ್ನ ಇನ್ನೊಂದು ಜಾತಿ ನೊಣದಲ್ಲಿ 1948ರಲ್ಲೇ ವರ್ಣಿಸಿದ್ದು ಹೆಲೆನ್ ಸ್ಪರ್ವೇ. ಆಕೆ ಆಮೇಲೆ 1957ರಲ್ಲಿ ಗಂಡ ಜೆ.ಬಿ.ಎಸ್. ಹಾಲ್ಡೇನ್ ಜೊತೆ ಭಾರತಕ್ಕೇ ಬಂದುಬಿಟ್ರು, ಇಲ್ಲೇ ಉಳಿದ್ರು. ನಮ್ಮ ಸಿಲಬಸ್‌ನಲ್ಲಿ ಹಾಲ್ಡೇನ್ ಹೆಸರಿಗೆ ಅರ್ಧ ಪುಟ ಇದೆ, ಆಕೆಗೆ ಒಂದು ಸಾಲೂ ಇಲ್ಲ. ಹೋಗ್ಲಿ ಬಿಡಿ.

ನಾಕನೇ ಜ್ವರ, ಶಿಡ್ಲಘಟ್ಟ:
ಮೇಡಂ, ಮೈಸೂರು ಹೆಣ್ಣೇ ಯಾಕೆ ಹಾಕ್ತಾರೆ ಅಂತ ನಾನು ಇಷ್ಟು ವರ್ಷ ಯಾರನ್ನೂ ಕೇಳೇ ಇಲ್ಲ ನೋಡಿ. ಮಗಳು ಡಾರ್ಸಲ್ ಅಂತಲೇ ಅಂದಿದ್ದು, ಬಾಟಲಿ ಮೇಲೆ ಡಿಎಲ್ ಅಂತ ಬರೆದೈತೆ

ತೆಂಗಿನಮರ, ತುಮಕೂರು:
ಎಲ್ಲಾ ಓದಿದೆ, ಚೆನ್ನಾಗಿದೆ, ಆದ್ರೆ ಒಂದು ಮಾತು ಕೇಳ್ತೀನಿ ಬೇಜಾರಾಗ್ಬೇಡಿ. ನಮ್ಮ ಕಡೆ ತೆಂಗಿಗೆ ನುಸಿ, ಕಪ್ಪು ತಲೆ ಹುಳ, ಅಡಿಕೆಗೆ ಇನ್ನೊಂದು, ಇದಕ್ಕೆಲ್ಲ ಔಷಧಿ ಕೇಳಿದ್ರೆ ಸಂಶೋಧನೆ ನಡೀತಿದೆ ಅಂತಾರೆ. ನೋಡಿದ್ರೆ ನೀವೆಲ್ಲ ಕೊಳೆತ ಬಾಳೆಹಣ್ಣಿನ ನೊಣಕ್ಕೆ ಹೊಟ್ಟೆ ಇದೆಯಾ ಬೆನ್ನಿದೆಯಾ ಅಂತ ನೋಡ್ತಾ ಕೂತಿದೀರ. ತೆರಿಗೆ ದುಡ್ಡು ಸ್ವಾಮಿ

ನೊಣ ತಳ್ಳೋನು, ಗೌರಿಬಿದನೂರು:
ಬೇಜಾರಿಲ್ಲ ಸಾರ್, ಮನೇಲಿ ನಮ್ಮಜ್ಜಿ ಇದಕ್ಕಿಂತ ಜಾಸ್ತಿ ಬೈತಾರೆ. ಆದ್ರೆ ಇದೇ ಡಾರ್ಸಲ್ ಕತೆ ಪೂರ್ತಿ ಕೇಳಿ.

ಡಾರ್ಸಲ್ ಒಂಟಿ ಅಲ್ಲ, ಅದಕ್ಕೆ ಹಿಂದಿಂದ ಆರ್ಡರ್ ಕೊಡೋ ಜೀನುಗಳ ಒಂದು ಸಾಲೇ ಇದೆ, ಅದ್ರಲ್ಲಿ ಒಂದು ಟೋಲ್. ಜರ್ಮನಿಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಅವರ ಗುಂಪು ಹೊಟ್ಟೆ-ಬೆನ್ನು ಕೆಟ್ಟ ಮೊಟ್ಟೆ ಇಡೋ ತಾಯಂದಿರನ್ನ ಹುಡುಕ್ತಾ ಸಿಕ್ಕಿದ್ದು ಇವು. ಯಾರಿಗೂ ಇದರಿಂದ ಔಷಧಿ ಬರತ್ತೆ ಅಂತ ಕನಸಲ್ಲೂ ಇರಲಿಲ್ಲ. ಆಮೇಲೆ 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಲ್ಯಾಬ್ ನೋಡ್ತು, ಟೋಲ್ ಕೆಟ್ಟಿರೋ ದೊಡ್ಡ ನೊಣಕ್ಕೆ ಬೂಷ್ಟು ಹಿಡಿದು ಸತ್ತೋಗತ್ತೆ ಅಂತ. ಭ್ರೂಣದಲ್ಲಿ ಹೊಟ್ಟೆ ಮಾಡೋ ಅದೇ ಸಾಲು ದೊಡ್ಡದಾದ ಮೇಲೆ ರೋಗ ತಡೆಯೋ ಕೆಲಸ ಮಾಡ್ತಿತ್ತು. ಅದರ ಬೆನ್ನಿಗೇ ನಮ್ಮ ಮೈಯಲ್ಲೂ ಅದೇ ಕುಟುಂಬದ ಜೀನುಗಳು, ಟೋಲ್-ಲೈಕ್ ರಿಸೆಪ್ಟರ್ ಅಂತ, ಸಿಕ್ಕವು. ಬ್ಯಾಕ್ಟೀರಿಯಾ ವೈರಸ್ ಒಳಗೆ ಬಂದ ತಕ್ಷಣ ಮೊದಲು ಗುರುತು ಹಿಡಿಯೋರಲ್ಲಿ ಅವೂ ಇವೆ. ನ್ಯೂಸ್ಲೈನ್-ಫೋಲ್‌ಹಾರ್ಡ್, ನೊಣದ ಭ್ರೂಣದ ಮೇಲೇ ಕೆಲಸ ಮಾಡಿದ ವೀಶೌಸ್, ಲೂಯಿಸ್, ಈ ಮೂವರಿಗೂ 1995ರಲ್ಲಿ ನೊಬೆಲ್, ಹಾಫ್‌ಮನ್‌ಗೆ 2011ರಲ್ಲಿ ಇನ್ನಿಬ್ಬರ ಜೊತೆ. ನಿಮ್ಮ ತೆಂಗಿನ ನುಸಿಗೆ ಇದ್ರಿಂದ ನಾಳೆ ಔಷಧಿ ಬರತ್ತೆ ಅಂತ ನಾನು ಹೇಳಲ್ಲ, ಸುಳ್ಳಾಗತ್ತೆ.

ಅಂದಹಾಗೆ ಎಲ್ಲಾ ಸಂತಾನದ ತೊಂದ್ರೆನೂ ಮೊಟ್ಟೇಲೇ ಇರತ್ತೆ ಅಂತಲ್ಲ. ಕುಲ್‌ಬೀರ್ ಗಿಲ್ ಅಂತ, 1963ರಲ್ಲಿ ಒಂದು ಗಂಡು ನೊಣದ ತಳಿ ವರದಿ ಮಾಡಿದ್ರು. ಅದು ಹೆಣ್ಣು ಗಂಡು ನೋಡದೆ ಎಲ್ರ ಹಿಂದೆನೂ ರೆಕ್ಕೆ ಆಡಿಸ್ಕೊಂಡು ಓಡಾಡತ್ತೆ, ಆದ್ರೆ ಕೂಡೋದೇ ಇಲ್ಲ. ದೋಷ ಇರೋದು ಮಿದುಳಿನ ವೈರಿಂಗಲ್ಲಿ. ಅದೇ ಈಗಿನ ಫ್ರೂಟ್‌ಲೆಸ್ ಜೀನು.

ತೆಂಗಿನಮರ, ತುಮಕೂರು:
ಸುಳ್ಳು ಹೇಳಲ್ಲ ಅಂದಿದ್ದಕ್ಕೆ ಒಂದು ಎಳನೀರು ಬಾಕಿ ಇಟ್ಕೊಳ್ಳಿ. ಆದ್ರೂ ನನ್ನ ತಕರಾರು ಹಂಗೇ ಇದೆ

ತೋತಾಪುರಿ, ಶ್ರೀನಿವಾಸಪುರ:
ನಾನು ಮೊದಲು ತಮಾಷೆಗೆ ಅಂದಿದ್ದು, ಈಗ ನಿಜವಾಗ್ಲೂ ಕೇಳ್ತೀನಿ. ಮೊಟ್ಟೆ ಒಡೀದಂಗೆ ಮಾಡೋ ಈ ಜೀನನ್ನ ಮಾವಿನ ನೊಣಕ್ಕೆ ಹಾಕ್ಬೋದಲ್ವ. ನಾವು ಮೋಹಕ ಬಲೆ ಕಟ್ತೀವಿ, ಬೀಳ್ತವೆ, ಆದ್ರೂ ಹಣ್ಣು ಹುಳ ಬೀಳೋದು ಪೂರ್ತಿ ನಿಲ್ಲಲ್ಲ

ರವೆ ಬೆಲ್ಲ ಅಗರ್, ಕೋಲಾರ:
ಮೊದಲು ಒಂದು ವಿಷಯ, ನಿಮ್ಮ ತೋಪಿನ ನೊಣನೂ ಲ್ಯಾಬಿನ ನೊಣನೂ ಬೇರೆ ಬೇರೆ ಕುಟುಂಬ. ಡ್ರೊಸೊಫಿಲಾ ಕೊಳೆತು ಹುಳಿ ಬಂದ ಹಣ್ಣಿಗೆ ಬರೋದು, ಅದಕ್ಕೆ ಬೇಕಿರೋದು ಅಲ್ಲಿನ ಯೀಸ್ಟು. ನಿಮ್ಮದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್, ಗಟ್ಟಿ ಕಾಯಿಗೇ ಸೂಜಿ ತರ ಚುಚ್ಚಿ ಸಿಪ್ಪೆ ಕೆಳಗೆ ಮೊಟ್ಟೆ ಇಡತ್ತೆ. ಬಲೆಲಿ ಸೆಳೆಯೋಕೆ ಹಾಕೋ ವಾಸನೆ ರಾಸಾಯನಿಕ ಮೀಥೈಲ್ ಯೂಜಿನಾಲ್‌ಗೆ ಬರೋದು ಗಂಡು ಮಾತ್ರ. ಸುತ್ತ ಹತ್ತು ತೋಪಿನೋರು ಕಟ್ಟದೆ ನೀವೊಬ್ರೇ ಕಟ್ಟಿದ್ರೆ, ಪಕ್ಕದ ತೋಪಲ್ಲಿ ಕೂಡಿ ಬಂದ ಹೆಣ್ಣು ನಿಮ್ಮ ಕಾಯಿಗೆ ಚುಚ್ಚತ್ತೆ. ಬಿದ್ದ ಹಣ್ಣು ಆರಿಸಿ ಹೂಳೋದೂ ಅದಕ್ಕೇ ಮುಖ್ಯ.

ಇನ್ನು ನೀವು ಕೇಳಿದ್ದು ಹೊರದೇಶದಲ್ಲಿ ನಡೆದಿದೆ. ಗಾಮಾ ಕಿರಣ ಬಿಟ್ಟು ಗಂಡುಗಳನ್ನ ನಿರ್ವೀರ್ಯ ಮಾಡಿ ರಾಶಿ ರಾಶಿ ಹೊರಗೆ ಬಿಡೋದು, ಕಾಡು ಹೆಣ್ಣು ಅದರ ಜೊತೆ ಕೂಡಿದ್ರೆ ಮೊಟ್ಟೆ ಒಡೆಯಲ್ಲ. ಜಪಾನಿನ ಒಕಿನಾವಾ ದ್ವೀಪಗಳಲ್ಲಿ ಹೀಗೇ ಮಾಡಿ 1993ಕ್ಕೆ ಸೋರೆ-ಹಾಗಲ ಜಾತಿಗೆ ಬರೋ ನೊಣಾನ ಪೂರ್ತಿ ಕಿತ್ತು ಹಾಕಿದ್ರು. ತೊಂದ್ರೆ ಏನಂದ್ರೆ ಫ್ಯಾಕ್ಟರಿಲಿ ಗಂಡು ಹೆಣ್ಣು ಎರಡೂ ಹುಟ್ತವೆ, ನಿರ್ವೀರ್ಯ ಹೆಣ್ಣನ್ನೂ ಬಿಟ್ರೆ ಅದು ಕಾಯಿಗೆ ಚುಚ್ಚೋದು ಬಿಡಲ್ಲ. ಅದಕ್ಕೆ ಮೆಡಿಟರೇನಿಯನ್ ಹಣ್ಣಿನ ನೊಣದಲ್ಲಿ ಎರಡು ಮ್ಯುಟೇಶನ್ ಜೋಡಿಸಿ ಒಂದು ತಳಿ ಕಟ್ಟಿದಾರೆ, ಮೊಟ್ಟೇನ 34 ಡಿಗ್ರಿ ಬಿಸಿಗೆ ಇಟ್ರೆ ಹೆಣ್ಣು ಭ್ರೂಣ ಅಷ್ಟೂ ಸಾಯತ್ತೆ, ಗಂಡು ಉಳಿಯತ್ತೆ. ಕೋಶದ (ಪ್ಯೂಪಾ) ಬಣ್ಣದಲ್ಲೂ ಹೆಣ್ಣು ಬಿಳಿ, ಗಂಡು ಕಂದು. ಆ ಬಿಳಿ ಬಣ್ಣದ ಜೀನು ಯಾವುದು ಅಂತ 2021ರಲ್ಲಿ ಸಿಕ್ತು, ನಿಮ್ಮ ಮಾವಿನ ನೊಣದಲ್ಲೂ ಅದೇ ಜೀನು. ಲ್ಯಾಬಲ್ಲಿ ನಾವು ದೋಷ ಅಂತ ಲೇಬಲ್ ಹಚ್ಚಿದ್ದೇ ಅಲ್ಲಿ ಕಸುಬಾಗಿದೆ. ಆದ್ರೆ ದ್ವೀಪ ಬೇರೆ, ನಮ್ಮ ಶ್ರೀನಿವಾಸಪುರ ಬೇರೆ, ಆ ಕಡೆ ಆಂಧ್ರ ಈ ಕಡೆ ಚಿಂತಾಮಣಿ, ಎಲ್ಲಾ ಕಡೆ ಮಾವೇ. ಒಬ್ಬರ ತೋಪಿಗೆ ಆಗೋ ಕೆಲಸ ಅಲ್ಲ ಇದು.

ಐದನೇ ಲೈನು, ಕೆಜಿಎಫ್:
ನಾನು ಸುಮ್ನೆ ಓದ್ಕೊಂಡಿದ್ದೆ. ಒಂದು ಕೇಳ್ಲಾ, ತಪ್ಪು ತಿಳ್ಕೊಬೇಡಿ. ನಮ್ಮ ಹತ್ತಿರದವರೊಬ್ಬರಿಗೆ ಮದುವೆಯಾಗಿ ಮಕ್ಕಳಾಗಿಲ್ಲ, ಗಂಡನಿಗೆ ವೈ ಕ್ರೋಮೋಸೋಮ್ ಟೆಸ್ಟ್ ಮಾಡಿಸಿ ಅಂತ ಡಾಕ್ಟ್ರು ಬರೆದಿದಾರೆ. ಅತ್ತೆ ಮನೇಲಿ ಅದನ್ನ ಒಪ್ತಾನೇ ಇಲ್ಲ, ನಮ್ಮ ಹುಡುಗ ಗಂಡಸಲ್ವಾ ಅಂತಾರೆ, ಹುಡುಗೀನ ದೇವಸ್ಥಾನ ಸುತ್ತಿಸ್ತಾ ಇದಾರೆ. ನೊಣದಲ್ಲಿ ಈ ತರ ಗಂಡಿಂದೇ ತೊಂದ್ರೆ ಇರೋದು ಉಂಟಾ?

ನೊಣ ತಳ್ಳೋನು, ಗೌರಿಬಿದನೂರು:
ಬೇಕಾದಷ್ಟು ಅಕ್ಕ. ನೊಣದಲ್ಲಿ ವೈ ಇಲ್ಲದೆನೂ ಗಂಡಾಗೇ ಹುಟ್ಟತ್ತೆ, ನೋಡೋಕೆ ಪಕ್ಕಾ ಗಂಡು, ಹೆಣ್ಣಿನ ಹಿಂದೆ ಹೋಗತ್ತೆ, ಎಲ್ಲಾ ಮಾಡತ್ತೆ, ಮಕ್ಕಳು ಮಾತ್ರ ಆಗಲ್ಲ. ಬ್ರಿಜಸ್ ಅನ್ನೋರು 1916ರಲ್ಲೇ ಬರೆದಿದ್ದು ಇದು. ಮನುಷ್ಯರಲ್ಲಿ ಗಂಡಾಗೋಕೆ ವೈ ಬೇಕು, ಆದ್ರೆ ಅದರ ಒಂದು ಸಣ್ಣ ತುಂಡು ಉದುರಿಹೋಗಿದ್ರೆ ಗಡ್ಡ ಮೀಸೆ ದನಿ ಎಲ್ಲಾ ಸರಿಯಾಗಿದ್ದೂ ವೀರ್ಯಾಣು ಇರಲ್ಲ ಅಥವಾ ತೀರಾ ಕಮ್ಮಿ. ಡಾಕ್ಟ್ರು ಬರೆದಿರೋ ಟೆಸ್ಟು ಬಹುಶಃ ಆ ತುಂಡು ಇದೆಯಾ ಇಲ್ವಾ ನೋಡೋದು. ಅಲ್ಲಿರೋ ಡಾಜ್ ಅನ್ನೋ ಜೀನನ್ನ 1995ರಲ್ಲಿ ಗುರುತಿಸಿದ್ರು, ನೊಣದಲ್ಲಿ ಅದರ ನೆಂಟ ಜೀನ್ ಬೋಲ್, ಅದು ಕೆಟ್ಟ ಗಂಡು ನೊಣದಲ್ಲಿ ವೀರ್ಯಾಣು ಆಗೋ ಜೀವಕೋಶ ಅರ್ಧದಲ್ಲೇ ನಿಂತೋಗತ್ತೆ. ಮನುಷ್ಯರ ಬೋಲ್ ಜೀನನ್ನ ಅಂತ ನೊಣಕ್ಕೆ ಹಾಕಿದ್ರೆ ನಿಂತ ಕೆಲಸ ಮತ್ತೆ ಮುಂದುವರೀತು, 2003ರ ಪೇಪರ್.

ರವೆ ಬೆಲ್ಲ ಅಗರ್, ಕೋಲಾರ:
ಅಮ್ಮಾ, ಟೆಸ್ಟ್ ಬರೆದಿದ್ರೆ ಮಾಡಿಸೋದೇ ಸರಿ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟರಲ್ಲಿ ಗಂಡಿನ ಕಡೆ ಕಾರಣ ಒಂದು ಇದ್ದೇ ಇರತ್ತೆ, ಒಂಟಿಯಾಗಿ ಇಲ್ಲಾ ಹೆಣ್ಣಿನ ಕಡೆ ಕಾರಣದ ಜೊತೆಗೆ. ಅದಕ್ಕೂ ಗಂಡಸ್ತನಕ್ಕೂ ಸಂಬಂಧ ಇಲ್ಲ. ರಿಪೋರ್ಟ್ ಬಂದ ಮೇಲೆ ನಮ್ಮಂತ ನೊಣದೋರನ್ನ ಕೇಳ್ಬೇಡಿ, ಜೆನೆಟಿಕ್ ಕೌನ್ಸೆಲಿಂಗ್ ಮಾಡೋ ಡಾಕ್ಟ್ರ ಹತ್ರ ಇಬ್ರೂ ಒಟ್ಟಿಗೆ ಹೋಗ್ಲಿ.

ಐದನೇ ಲೈನು, ಕೆಜಿಎಫ್:
ಇದನ್ನ ಹಂಗೇ ಕಾಪಿ ಮಾಡಿ ಅವರ ಮನೆ ಗ್ರೂಪಿಗೆ ಹಾಕ್ತೀನಿ ಮೇಡಂ

ಹಿಪ್ಪುನೇರಳೆ ಹುಡುಗಿ:
ನಮಸ್ತೆ, ನಾನೇ ಆ ಮಗಳು. ಅಪ್ಪ ನನ್ನ ಪ್ರಾಜೆಕ್ಟನ್ನ ಊರಿಗೆಲ್ಲ ಹಂಚಿದಾರೆ ಅಂತ ಈಗ ಗೊತ್ತಾಯ್ತು. ಇರ್ಲಿ, ಬಂದಿದ್ದೇ ಒಳ್ಳೇದಾಯ್ತು, ಮೇಡಂ ನಂಗೊಂದು ಪ್ರಾಬ್ಲಂ. ನೆಟ್ಟಗೆ ರೆಕ್ಕೆ ಹೆಣ್ಣಿನ ಮೊಟ್ಟೆ ಒಡೀದೆ ಇರೋದು ಸರಿ, ಆದ್ರೆ ಹೋಲಿಕೆಗೆ ಅಂತ ಇಟ್ಟಿರೋ ಒರೆಗಾನ್-ಕೆ ಬಾಟಲೀಲೂ ಮೊಟ್ಟೆ ಒಡೀತಿಲ್ಲ, ಅವು ಪೂರ್ತಿ ನಾರ್ಮಲ್ ನೊಣ. ಸುರುಳಿ ರೆಕ್ಕೆ ಸ್ಟಾಕೂ ಸೊರಗ್ತಾ ಇದೆ. ಕಲ್ಚರ್ ರೂಮು ಮೇಲ್ಗಡೆ ಫ್ಲೋರು, ಏಸಿ ಕೆಟ್ಟಿದೆ. ಸ್ಟಾಕಲ್ಲೇ ಏನೋ ಮಿಕ್ಸ್ ಆಗಿದೆ, ಎಲ್ಲಾ ಬಿಸಾಕಿ ಹೊಸದು ತರ್ಸು ಅಂತಿದಾರೆ ಸೀನಿಯರ್ಸು

ರವೆ ಬೆಲ್ಲ ಅಗರ್, ಕೋಲಾರ:
ಬಿಸಾಕ್ಬೇಡ. ಮೊದಲು ಒಡೀದ ಮೊಟ್ಟೆಗಳ ಬಣ್ಣ ಹೇಳು. ಎರಡು ದಿನ ಆದ್ಮೇಲೂ ಬೆಳ್ಳಗೇ ಇದೆಯಾ, ಕಂದು ತಿರುಗಿದೆಯಾ?

ಹಿಪ್ಪುನೇರಳೆ ಹುಡುಗಿ:
ಡಾರ್ಸಲ್ ಹೆಣ್ಣಿನವು ಕಂದು. ಒರೆಗಾನ್-ಕೆದು ಬೆಳ್ಳಗೆ, ಎಲ್ಲಾ

ರವೆ ಬೆಲ್ಲ ಅಗರ್, ಕೋಲಾರ:
ಅಲ್ಲಿಗೆ ಮುಗೀತು. ಕಂದು ಅಂದ್ರೆ ಭ್ರೂಣ ಬೆಳೆಯೋಕೆ ಶುರುವಾಗಿ ಆಮೇಲೆ ಸತ್ತಿದೆ, ಡಾರ್ಸಲ್‌ಗೆ ಅದೇ ಸರಿ. ಬೆಳ್ಳಗೇ ಉಳಿದಿದೆ ಅಂದ್ರೆ ಬಹುತೇಕ ಫಲಿತನೇ ಆಗಿಲ್ಲ, ಅಂದ್ರೆ ಒರೆಗಾನ್-ಕೆಲಿ ನೋಡ್ಬೇಕಾದ್ದು ಗಂಡನ್ನ. 30 ಡಿಗ್ರಿ ಮೇಲೆ ಬೆಳೆದ ಗಂಡು ನೊಣದಲ್ಲಿ ವೀರ್ಯಾಣು ಸರಿಯಾಗಿ ಆಗಲ್ಲ, ಏಪ್ರಿಲ್‌ನಲ್ಲಿ ಕೋಲಾರದಲ್ಲಿ ಮೇಲ್ಗಡೆ ಫ್ಲೋರು ಅಂದ್ರೆ ಕೇಳ್ಬೇಕಾ. ಅದಕ್ಕೆ ಮ್ಯುಟೇಶನ್ ಏನೂ ಬೇಕಿಲ್ಲ. ಸುರುಳಿ ಸ್ಟಾಕ್ ಸೊರಗ್ತಿರೋದಕ್ಕೂ ಅದೇ ಬಿಸಿ, ಡಾರ್ಸಲ್‌ನಲ್ಲಿ ಒಂದು ಒಳ್ಳೆ ಕಾಪಿ ಇರೋ ತಾಯಿನೂ 29 ಡಿಗ್ರಿಲಿ ಕೆಟ್ಟ ಮೊಟ್ಟೆ ಇಡ್ತಾಳೆ, 25ರಲ್ಲಿ ಸರಿ ಇರ್ತಾಳೆ.

ಈಗ ಬಾಟಲಿಗಳನ್ನೆಲ್ಲ 25ಕ್ಕೆ ತಾ. ಹೊಸ ತಲೆಮಾರು ಪೂರ್ತಿ ಅದೇ ಬಿಸೀಲಿ ಬೆಳೀಲಿ, ಮೊಟ್ಟೆಯಿಂದ ನೊಣ ಆಗೋಕೆ ಹತ್ತು ದಿನ ಸಾಕು. ಕೂಡದ ಹೆಣ್ಣು ಬೇಕಾದ್ರೆ ಕೋಶದಿಂದ ಬಂದ ಎಂಟು ಗಂಟೆ ಒಳಗೇ ಆರಿಸು, ತಡ ಮಾಡಿದ್ರೆ ಒಂದು ಸಲ ಕೂಡಿದ ವೀರ್ಯಾಣು ಒಳಗೇ ಇಟ್ಕೊಂಡು ದಿನಗಟ್ಟಲೆ ಬಳಸತ್ತೆ, ನಿನ್ನ ಲೆಕ್ಕ ಎಲ್ಲಾ ಹಾಳು. ಆಮೇಲೆ ಡಾರ್ಸಲ್ ಹೆಣ್ಣಿಗೆ ಒರೆಗಾನ್-ಕೆ ಗಂಡು, ಒರೆಗಾನ್-ಕೆ ಹೆಣ್ಣಿಗೆ ಡಾರ್ಸಲ್ ಗಂಡು, ಎರಡೂ ಕಡೆ ಹಾಕು. ಮೊದಲನೇದು ಒಡೀಬಾರ್ದು, ಎರಡನೇದು ಒಡೀಬೇಕು. ಹಂಗೆ ಬಂದ್ರೆ ಪ್ರಾಜೆಕ್ಟ್ ಅರ್ಧ ಮುಗೀತು ಅಂತ ತಿಳ್ಕೊ.

ಹಿಪ್ಪುನೇರಳೆ ಹುಡುಗಿ:
ಥ್ಯಾಂಕ್ಸ್ ಮೇಡಂ!! ಆದ್ರೆ 25 ಡಿಗ್ರಿ ಎಲ್ಲಿಂದ ತರ್ಲಿ, ಏಸಿ ರಿಪೇರಿಗೆ ಫೈಲ್ ಇನ್ನೂ ಮೇಲೆ ಹೋಗಿಲ್ಲ

ನಾಕನೇ ಜ್ವರ, ಶಿಡ್ಲಘಟ್ಟ:
ಅದಕ್ಯಾಕಮ್ಮಾ ಯೋಚ್ನೆ, ನಮ್ಮ ಹುಳದ ಮನೆ ಐತಲ್ಲ. ದೊಡ್ಡ ಹುಳಕ್ಕೆ ಅಂತ ಒದ್ದೆ ಗೋಣಿ ಕಟ್ಟಿ 25ರಲ್ಲೇ ಇಟ್ಟೀವ್ನಿ, ಒಂದು ಮೂಲೇಲಿ ನಿನ್ ಬಾಟಲಿ ಇಟ್ಕೊ

ರವೆ ಬೆಲ್ಲ ಅಗರ್, ಕೋಲಾರ:
ಬೇಡ ಬೇಡ, ಅಲ್ಲಿ ಸೋಂಕು ನಿವಾರಕ ಹೊಡೆದಿರ್ತೀರ, ಸುಣ್ಣ ಉದುರಿಸಿರ್ತೀರ, ಅದರಲ್ಲಿ ನೊಣ ಉಳಿಯಲ್ಲ. ನಮ್ಮ ಡಿಪಾರ್ಟ್‌ಮೆಂಟಲ್ಲಿ ಬಿಓಡಿ ಇನ್‌ಕ್ಯುಬೇಟರ್ (ಬಿಸಿ ಒಂದೇ ಮಟ್ಟಕ್ಕೆ ಇಡೋ ಪೆಟ್ಟಿಗೆ) ಒಂದು ಖಾಲಿ ಇದೆ, ಸೋಮವಾರ ಬಾಟಲಿ ತಗೊಂಡು ಬಾ, ಗೈಡ್‌ಗೆ ಹೇಳಿ ಬಾ.

ಹಿಪ್ಪುನೇರಳೆ ಹುಡುಗಿ:
ಬರ್ತೀನಿ ಮೇಡಂ. ಅಪ್ಪಾ, ರೇಷ್ಮೆ ಹುಳ ಕೊಲ್ಲೋ ಊಜಿ ನೊಣ ಬರ್ಬಾರ್ದು ಅಂತ ಕಿಟಕಿಗೆಲ್ಲ ಪರದೆ ಹೊಡ್ಸಿ ಈಗ ನೀನೇ ನೊಣ ಒಳಗೆ ಕರೀತಿದೀಯಲ್ಲ, ಅಮ್ಮಂಗೆ ಹೇಳಿದ್ಯಾ?

ನಾಕನೇ ಜ್ವರ, ಶಿಡ್ಲಘಟ್ಟ:
ಇನ್ನೂ ಇಲ್ಲ. ಹೇಳ್ಬೇಡ